ಸಿಟ್ಟಿನ ಸೇತುವೆ

ಬೇವಿನಗಡ್ಡಿ ಪಟ್ಟಣ ಪಂಚಾಯಿತಿಯ ಅಧ್ಯಕ್ಷೆ ಸೂಗಮ್ಮನಿಗೆ, ಎದ್ದು ನಿಂತು ಮರ್ಯಾದೆ ಕೊಡಬೇಕು ಅನ್ನಿಸುವ ಗಂಡಸು ಆ ಊರಿನಲ್ಲಿ ಒಬ್ಬನೂ ಇರಲಿಲ್ಲ. ಅದನ್ನು ಆಕೆ ಮುಚ್ಚಿಡುತ್ತಲೂ ಇರಲಿಲ್ಲ. ಗಂಡ ಮಲ್ಲಣ್ಣ ತೀರಿಕೊಂಡ ಮೇಲೆ ಬಜಾರದ ಕಿರಾಣಿ ಅಂಗಡಿಯನ್ನು ತಾನೇ ನಡೆಸಿಕೊಂಡು ಬಂದವಳು. ಯಾವನು ಎಂಥವನು ಅನ್ನುವುದು ಅವನು ಬೆಲ್ಲದ ಪೆಂಟಿಯನ್ನು ತಿರುವಿ ನೋಡುವ ರೀತಿಯಲ್ಲೇ ಗೊತ್ತಾಗುತ್ತದೆ ಎಂದು ನಂಬಿದ್ದಳು. ಆ ಲೆಕ್ಕದಲ್ಲಿ ಊರಿನ ಅರ್ಧ ಗಂಡಸರು ಕಳ್ಳರು, ಉಳಿದರ್ಧ ಕಳ್ಳತನ ಮಾಡುವಷ್ಟೂ ಧೈರ್ಯವಿಲ್ಲದವರು.

ಆಕೆ ಅಧ್ಯಕ್ಷೆ ಆದದ್ದೂ ಯಾರೋ ಮೆಚ್ಚಿ ಮಾಡಿದ್ದಲ್ಲ. ಅಧ್ಯಕ್ಷರ ಕುರ್ಚಿ ಆ ಸಲ ಹೆಣ್ಣುಮಕ್ಕಳಿಗೆ ಮೀಸಲಾಗಿತ್ತು. ಗಂಡನ ಅಣ್ಣ ಹಂಪಣ್ಣ ಅಕ್ಕಿ ಗಿರಣಿಯ ಸಾಹುಕಾರ, ಪಂಚಾಯಿತಿಯ ಹಳೆಯ ಮೆಂಬರು, ತನ್ನನ್ನು ಬಿಟ್ಟು ಊರಿಗೆ ಗತಿಯಿಲ್ಲ ಎಂದು ತಿಳಿದವನು. ಮೊದಲು ತನ್ನ ಹೆಂಡತಿ ಗೊಲ್ಲಾಳಮ್ಮನನ್ನು ಚುನಾವಣೆಗೆ ನಿಲ್ಲು ಅಂದ. ಆಕೆ, ನಿಮ್ಮ ಹಿಂದೆ ಮನೆಯಲ್ಲಿ ಕೂತದ್ದು ಸಾಕು, ಆಫೀಸಿನಲ್ಲೂ ಕೂಡಲಾರೆ ಎಂದು ಕೈ ಝಾಡಿಸಿದಳು. ಆಗ ಸೂಗಮ್ಮನ ಪಾಳಿ ಬಂತು. ಗೆದ್ದ ದಿನದಿಂದ ಮೀಟಿಂಗಿನಲ್ಲಿ ಆಕೆಯ ಕುರ್ಚಿಯ ಪಕ್ಕಕ್ಕೆ ಹಂಪಣ್ಣ ತನ್ನ ಕುರ್ಚಿ ಎಳೆದುಕೊಂಡು ಕೂಡುತ್ತಿದ್ದ. ಮೆಂಬರರು ಅವನನ್ನು ಅಧ್ಯಕ್ಷರೇ ಅನ್ನುತ್ತಿದ್ದರು, ಆಕೆಯನ್ನು ಅಕ್ಕಾರ ಅನ್ನುತ್ತಿದ್ದರು. ಸೂಗಮ್ಮ ಸುಮ್ಮನೆ ಎಲ್ಲರ ಮುಖ ನೋಡುತ್ತ ಕೂತು, ಅವನು ತೋರಿಸಿದಲ್ಲಿ ಸಹಿ ಹಾಕಿ, ಅಂಗಡಿ ತೆರೆಯಲು ಬರುತ್ತಿದ್ದಳು.

ಬೇವಿನಗಡ್ಡಿ ಇರುವುದು ಶಹಾಪುರಕ್ಕೂ ಸುರಪುರಕ್ಕೂ ನಡುವೆ. ಕಾಲುವೆಗೆ ನೀರು ಬಿಟ್ಟ ಮೇಲೆ ಜೋಳದ ಊರು ಭತ್ತದ ಊರಾಯಿತು. ಗಿರಣಿ ಬಂದವು, ಮೋಟರ್ ಸೈಕಲ್ ಬಂದವು, ಹಳ್ಳಿ ಅನ್ನುವ ಹೆಸರು ಹೋಗಿ ಪಟ್ಟಣ ಅನ್ನುವ ಬೋರ್ಡು ಬಂತು. ಬೋರ್ಡಿನ ಕೆಳಗೆ ಕೂಡುವವರು ಮಾತ್ರ ಹಳಬರೇ. ಕಾಲುವೆ ಇನ್ನೊಂದು ಕೆಲಸವನ್ನೂ ಮಾಡಿತ್ತು. ಊರನ್ನೂ ಕೇರಿಯನ್ನೂ ನಡುವೆ ಸೀಳಿ ಬೇರೆ ಮಾಡಿತ್ತು. ಕೇರಿಯವರು ಆ ದಂಡೆಗೆ, ಬಜಾರ, ಸಾಲಿ, ದವಾಖಾನೆ ಎಲ್ಲ ಈ ದಂಡೆಗೆ. ಶಹಾಪುರದ ಬಸ್ಸು ಆ ದಂಡೆಯ ರಸ್ತೆಯಲ್ಲೇ ಬಂದು ಹಾಗೇ ಮುಂದೆ ಹೋಗುತ್ತಿತ್ತು. ಕಾಲುವೆ ತೋಡಿದವರು ಕಟ್ಟಿದ್ದ ಒಂದೇ ಒಂದು ಸೇತುವೆ ಬಹಳ ಕೆಳಗೆ, ಹಂಪಣ್ಣನ ಗದ್ದೆಯ ಬಾಜೂಕ್ಕೆ ಇತ್ತು. ಅದು ಅಲ್ಲಿಗೆ ಹೇಗೆ ಹೋಯಿತು ಎಂದು ಯಾರೂ ಕೇಳಿರಲಿಲ್ಲ. ಊರಿನ ಗಂಡಸರು ಗಾಡಿ ಮೇಲೆ ಸುತ್ತು ಹಾಕಿ ಹೋಗುತ್ತಿದ್ದರು. ಕೇರಿಯ ಹೆಂಗಸರು ಮಕ್ಕಳು ಮಾತ್ರ, ನೀರು ತಡೆಯುವ ಗೇಟಿನ ಗೋಡೆಯ ಮೇಲೆ ಒಬ್ಬರ ಹಿಂದೆ ಒಬ್ಬರು ದಾಟುತ್ತಿದ್ದರು.

ಆ ವರ್ಷ ಸರಕಾರದಿಂದ ಒಂದು ವಿಶೇಷ ಅನುದಾನ ಬಂತು. ಯಾವುದಾದರೂ ಒಂದೇ ಕೆಲಸಕ್ಕೆ ಹಾಕಬೇಕು ಎಂಬ ಕಟ್ಟಳೆ. ಮುಖ್ಯಾಧಿಕಾರಿ ಚನ್ನಯ್ಯ ಮೀಟಿಂಗ್ ಕರೆದ. ಈ ಚನ್ನಯ್ಯ ಎಂಥವನೆಂದರೆ, ಯಾರು ಕೊನೆಗೆ ಮಾತಾಡಿದರೋ ಅವರದ್ದು ಸರಿ ಅನ್ನುವವನು. ಹಂಪಣ್ಣ ಸಮುದಾಯ ಭವನ ಕಟ್ಟಬೇಕು ಅಂದ. ಬಡವರ ಮದುವೆಗೆ ಆಗುತ್ತದೆ, ಊರಿಗೆ ಒಂದು ಶೋಭೆ, ದೊಡ್ಡ ಮಂದಿ ಬಂದರೆ ಕೂಡಿಸಲು ಒಂದು ಜಾಗ. ಜಾಗ ಯಾವುದು ಎಂದರೆ ಅವನ ಗಿರಣಿಯ ಗೋಡೆಗೆ ಹತ್ತಿದ ಬಯಲು. ಸುಗ್ಗಿಯಲ್ಲಿ ಭತ್ತದ ಚೀಲ ಇಡಲು ಅವನಿಗೆ ಜಾಗ ಸಾಲುವುದಿಲ್ಲ ಎಂಬುದು ಅಲ್ಲಿ ಕೂತವರಿಗೆಲ್ಲ ಗೊತ್ತಿತ್ತು. ಭವನದಲ್ಲಿ ಮೊದಲು ಮದುವೆ ಆಗುವುದು ಚೀಲಗಳದ್ದೇ ಎಂಬುದೂ ಗೊತ್ತಿತ್ತು. ಗೊತ್ತಿದ್ದೂ ಎಲ್ಲರೂ ಗೋಣು ಹಾಕಿದರು.

ಕೇರಿಯ ಮೆಂಬರು ದ್ಯಾವಪ್ಪ ಅರ್ಧ ಎದ್ದು, ಅರ್ಧ ಕೂತು, ಗೇಟಿನ ಹತ್ತಿರ ಒಂದು ಸೇತುವೆ ಆದರೆ ಚಲೋ ಇತ್ತು, ಬಸ್ಸೂ ಊರೊಳಗೆ ಬರುತ್ತಿತ್ತು ಅಂದ. ಅದನ್ನು ತಪ್ಪು ಒಪ್ಪಿಕೊಳ್ಳುವವನ ಹಾಗೆ ಹೇಳಿದ. ಹಂಪಣ್ಣ, ಅಷ್ಟು ವರ್ಷದಿಂದ ದಾಟುತ್ತಿದ್ದೀರಿ, ರೂಢಿ ಆಗಿದೆ, ಈಗ ಸೇತುವೆ ಮಾಡಿದರೆ ಎಡವಿ ಬೀಳುತ್ತೀರಿ ಅಂದ. ಎಲ್ಲರೂ ನಕ್ಕರು.

ಆವತ್ತು ಹೊಸ ಇಂಜಿನಿಯರ್ ಬಂದಿದ್ದ. ಮೈಸೂರು ಕಡೆಯ ಹುಡುಗ, ಊರ ರೀತಿ ತಿಳಿಯದವನು. ಅವನು ನೇರವಾಗಿ ಸೂಗಮ್ಮನ ಕಡೆ ತಿರುಗಿ, ಅಧ್ಯಕ್ಷರ ಅಭಿಪ್ರಾಯ ಏನು ಎಂದು ಕೇಳಿಬಿಟ್ಟ.

ಸೂಗಮ್ಮ ಬಾಯಿ ತೆರೆಯುವ ಮೊದಲೇ ಹಂಪಣ್ಣ ಅಂದ: "ಆಕಿನ್ನ ಏನ್ ಕೇಳ್ತೀರಿ ಸಾಹೇಬ್ರ. ಆಕಿಗೆ ತಕ್ಕಡಿ ಬಿಟ್ರ ಬ್ಯಾರೆ ಏನೂ ತಿಳಿಯಂಗಿಲ್ಲ. ನಾ ಹೇಳ್ತೀನಿ, ಬರ್ಕೊಳ್ರಿ."

ಮತ್ತೆ ನಗು ಎದ್ದಿತು. ಈ ಮಾತು ಸೂಗಮ್ಮನಿಗೆ ಹೊಸದೇನೂ ಅಲ್ಲ. ಹಂಪಣ್ಣ ಮದುವೆ ಮನೆಯಲ್ಲಿ, ಮಠದಲ್ಲಿ, ಆಕೆಯ ಗಂಡನ ದಿನಕರ್ಮದಲ್ಲಿ ಕೂಡ ಇದನ್ನೇ ಅಂದಿದ್ದಾನೆ. ಆದರೆ ಆವತ್ತು ಆಕೆಯ ಕಣ್ಣು ದ್ಯಾವಪ್ಪನ ಮೇಲೆ ಬಿತ್ತು. ಆಗತಾನೆ ತನ್ನ ಕೇರಿಯ ಸೇತುವೆ ಕಳಕೊಂಡ ಮನುಷ್ಯ, ಬಾಯಿಗೆ ಟವಲು ಹಿಡಿದುಕೊಂಡು ಹೆಗಲು ಕುಣಿಯುವಂತೆ ನಗುತ್ತಿದ್ದ. ನಕ್ಕು, ಹಂಪಣ್ಣ ನೋಡಿದನೋ ಇಲ್ಲವೋ ಎಂದು ಓರೆಗಣ್ಣಿಂದ ನೋಡುತ್ತಿದ್ದ.

ಇಂಜಿನಿಯರ್ ಮಾತ್ರ ಎರಡೂ ಜಾಗ ನೋಡಿಕೊಂಡು ಬರುತ್ತೇನೆ, ಠರಾವು ಮುಂದಿನ ಮೀಟಿಂಗಿಗೆ ಆಗಲಿ ಅಂದ. ಸೂಗಮ್ಮ ಅಂಗಡಿಗೆ ಬಂದಳು. ಹಂಪಣ್ಣನ ಮೇಲಿನ ಸಿಟ್ಟು ಹಳೆಯದು, ಅದರೊಂದಿಗೆ ಉಂಡು ಮಲಗಿ ಆಕೆಗೆ ರೂಢಿ ಇತ್ತು. ದ್ಯಾವಪ್ಪನ ನಗು ಹೊಸದು. ಯಾವತ್ತೂ ತನ್ನ ಅಂಗಡಿಯ ಕಟ್ಟೆ ಹತ್ತದವನು, ಕೆಳಗೆ ನಿಂತು ಟವಲು ಒಡ್ಡುವವನು, ಅವನೂ ತನ್ನ ಮೇಲೆ ನಕ್ಕ. ಇಂಥ ಮಂದಿ ನೀರಿಗೆ ಬಿದ್ದರೂ ಹಂಪಣ್ಣನಿಗೆ ಕೈ ಮುಗಿದೇ ಮುಳುಗುತ್ತಾರೆ ಎಂದು ಮನಸ್ಸಿನಲ್ಲೇ ಬೈದುಕೊಂಡಳು.

ಸಂಜೆ ದ್ಯಾವಪ್ಪನ ಹೆಂಡತಿ ಬಾಲಮ್ಮ ಎಣ್ಣೆಗೆ ಬಂದಳು. ಬಾಲಮ್ಮ ಭತ್ತದ ಸಸಿ ಹಚ್ಚುವ ಹೆಂಗಸರನ್ನು ಗುಂಪು ಕಟ್ಟಿಕೊಂಡು ಹೋಗುವವಳು, ಗಟ್ಟಿ ದನಿಯ ಹೆಂಗಸು. ಕೇರಿಯವರ ಶೀಸೆ ಮುಟ್ಟದ ಹಾಗೆ ಸೂಗಮ್ಮ ಮೇಲಿಂದ ಎಣ್ಣೆ ಸುರಿಯುತ್ತಿದ್ದಳು. ಮಲ್ಲಣ್ಣನ ಕಾಲದಿಂದಲೂ ಹಾಗೆಯೇ. ಸುರಿಯುತ್ತ, ನಿನ್ನ ಗಂಡ ಇವತ್ತು ಮೀಟಿಂಗಿನಲ್ಲಿ ಹಲ್ಲು ಕಿಸಿದ ಚಂದ ನೋಡಬೇಕಿತ್ತು ಎಂದು ನಡೆದದ್ದನ್ನೆಲ್ಲ ಹೇಳಿದಳು. ಬಾಲಮ್ಮ ನಾಚಿಕೊಳ್ಳುತ್ತಾಳೆ ಎಂದು ಆಕೆ ಎಣಿಸಿದ್ದಳು.

"ಆತಗ ನಗೋದು ಒಂದ ಬರ್ತದ್ರಿ," ಅಂದಳು ಬಾಲಮ್ಮ. "ನೀವೇನ್ ಅಂದ್ರಿ?"

"ನಾ ಏನ್ ಅನ್ಲಿ?"

"ಹಂಗಾರ ಆತ ನಕ್ಕ, ನೀವು ಸುಮ್ಮ ಕುಂತ್ರಿ. ಇಬ್ರೂ ಕೂಡೇ ಸೇತುವಿ ಕಳದ್ರಿ. ಎಣ್ಣಿ ಹಾಕ್ರಿ ಅಕ್ಕಾರ, ಗ್ವಾಡಿ ಮ್ಯಾಲ ಹೋಗೋದದ, ಕತ್ತಲಾಗ್ತದ."

ಸೂಗಮ್ಮ ಎಣ್ಣೆ ಹಾಕಿ ಕಳಿಸಿದಳು. ಆಮೇಲೆ ಅಂಗಡಿಯಲ್ಲಿ ಯಾವ ಗಿರಾಕಿಗೆ ಏನು ಕೊಟ್ಟಳೋ ಆಕೆಗೇ ನೆನಪಿಲ್ಲ. ಕೇರಿಯ ಹೆಂಗಸೊಬ್ಬಳು ತನ್ನನ್ನೂ ದ್ಯಾವಪ್ಪನನ್ನೂ ಒಂದೇ ಸಾಲಿಗೆ ಕೂಡಿಸಿ ಹೋಗಿದ್ದಳು.

ಮರುದಿನ ಬೆಳಿಗ್ಗೆ ಆಕೆ ಕಾಲುವೆಗೆ ಹೋದಳು. ಕೇರಿಯವರ ಮೇಲೆ ಕನಿಕರ ಬಂದು ಹೋದಳು ಅಂತ ಯಾರಾದರೂ ಹೇಳಿದರೆ ಅದು ಸುಳ್ಳು. ರೂಢಿ ಆಗಿದೆ ಎಂದು ಹಂಪಣ್ಣ ಅಂದಿದ್ದನಲ್ಲ, ಅವನು ಜೀವನದಲ್ಲಿ ಒಮ್ಮೆಯೂ ಆ ಗೋಡೆ ಹತ್ತಿರಲಿಕ್ಕಿಲ್ಲ, ತಾನು ಹತ್ತಿ ಬಂದು ಅವನ ಮುಖಕ್ಕೆ ಹೇಳಬೇಕು ಎಂಬ ಹಠ ಅಷ್ಟೇ. ಕಾಲುವೆ ತುಂಬಿ ಹರಿಯುತ್ತಿತ್ತು. ಎದುರು ದಂಡೆಯಿಂದ ಹೆಂಗಸರು ಬುತ್ತಿ ಗಂಟು ತಲೆ ಮೇಲಿಟ್ಟುಕೊಂಡು, ಸಾಲಿ ಮಕ್ಕಳು ಪಾಟಿಚೀಲ ಎದೆಗೆ ಅವುಚಿಕೊಂಡು ದಾಟಿ ಬಂದರು. ನೋಡಲಿಕ್ಕೆ ಹಗುರ ಅನ್ನಿಸಿತು. ಸೂಗಮ್ಮ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು ಗೋಡೆ ಹತ್ತಿದಳು.

ನಡುವೆ ಗೇಟು ಎತ್ತುವ ಕಬ್ಬಿಣದ ಸಲಾಕೆ ಇತ್ತು. ಅದನ್ನು ತಬ್ಬಿಕೊಂಡು, ಒಂದು ಕಾಲು ನೀರಿನ ಮೇಲೆ ತೇಲಿಸಿ, ಆಚೆ ಬದಿಗೆ ಇಡಬೇಕು. ಸೂಗಮ್ಮ ಸಲಾಕೆ ತಬ್ಬಿದಳು. ಕೆಳಗೆ ಕೆಂಪು ನೀರು ಗೇಟಿಗೆ ಬಡಿದು ಸುತ್ತುತ್ತಿತ್ತು. ಅದನ್ನು ನೋಡಬಾರದಿತ್ತು, ನೋಡಿದಳು. ಮುಂದೆ ಹೋಗಲು ಕಾಲು ಏಳಲಿಲ್ಲ, ಹಿಂದೆ ತಿರುಗಲು ಮೈ ಒಪ್ಪಲಿಲ್ಲ. ಪಟ್ಟಣ ಪಂಚಾಯಿತಿಯ ಅಧ್ಯಕ್ಷೆ ಗೋಡೆಯ ಮೇಲೆ ಕುಕ್ಕರಿಸಿ, ಸಲಾಕೆಗೆ ಹಣೆ ಹಚ್ಚಿ ಕೂತುಬಿಟ್ಟಳು. ದಂಡೆಯ ಮೇಲೆ ಮಕ್ಕಳು ನಿಂತು ನೋಡತೊಡಗಿದರು.

ಆಚೆಯಿಂದ ಬಂದ ಬಾಲಮ್ಮ ಸಲಾಕೆಯ ಆ ಬದಿಗೆ ನಿಂತಳು. ಸ್ವಲ್ಪ ಹೊತ್ತು ನೋಡಿದಳು. ಆ ಸ್ವಲ್ಪ ಹೊತ್ತು ಬೇಕಂತಲೇ ನಿಂತಳು ಎಂದು ಸೂಗಮ್ಮನಿಗೆ ಚೆನ್ನಾಗಿ ತಿಳಿಯಿತು. ಆಮೇಲೆ ಕೈ ಚಾಚಿದಳು.

ಸೂಗಮ್ಮ ಆ ಕೈಯನ್ನು ನೋಡಿದಳು, ಹಿಡಿಯಲಿಲ್ಲ.

"ಹಿಡೀತೀರೋ ಇಲ್ಲೇ ಕುಂದರ್ತೀರೋ ಹೇಳ್ರಿ," ಅಂದಳು ಬಾಲಮ್ಮ. "ನಮ್ಮ ಟ್ರ್ಯಾಕ್ಟರ್ ನಿಂತದ. ನೀವು ಅಡ್ಡ ಕುಂತ್ರ ನಾ ಹ್ಯಾಂಗ ದಾಟ್ಲಿ?"

ಸೂಗಮ್ಮ ಹಿಡಿದಳು. ಬಾಲಮ್ಮ ಸಲಾಕೆ ದಾಟಿ ಬಂದು, ಆಕೆಯ ರಟ್ಟೆ ಬಿಗಿಯಾಗಿ ಹಿಡಿದು, ಎತ್ತಿನ ಮೂಗುದಾಣ ಹಿಡಿದ ಹಾಗೆ ಹಿಂದಕ್ಕೆ ನಡೆಸಿಕೊಂಡು ಬಂದು ದಂಡೆಗೆ ಬಿಟ್ಟಳು. ಬಿಟ್ಟು, ಟ್ರ್ಯಾಕ್ಟರ್ ಹತ್ತಿ ಹೋದಳು.

ಮನೆಗೆ ಬಂದು ಸೂಗಮ್ಮ ತಲೆಗೆ ನೀರು ಹಾಕಿಕೊಂಡಳು, ಸೀರೆ ಒಗೆದಳು, ಕೊರಳ ಲಿಂಗ ತೊಳೆದು ಪೂಜೆ ಮಾಡಿಕೊಂಡಳು. ಆ ಕೈ ಹಿಡಿದದ್ದಕ್ಕೆ ಅಸಹ್ಯ ಅನ್ನಿಸಿತ್ತು. ಹಿಡಿಯದಿದ್ದರೆ ಅಲ್ಲೇ ಇರುತ್ತಿದ್ದೆ ಅನ್ನುವುದಕ್ಕೆ ಇನ್ನೂ ಹೆಚ್ಚು ಅಸಹ್ಯ. ಒಣಗಿದ ಸೀರೆ ಉಟ್ಟುಕೊಳ್ಳುವ ಹೊತ್ತಿಗೆ ಎರಡೂ ಸೇರಿ ಹಂಪಣ್ಣನ ತಲೆಗೆ ಬಂದವು. ಸೇತುವೆ ಇದ್ದಿದ್ದರೆ ತನಗೆ ಈ ಅವಮಾನ ಆಗುತ್ತಿರಲಿಲ್ಲ.

ಮೀಟಿಂಗಿನ ಹಿಂದಿನ ದಿನ ಹಂಪಣ್ಣ ಚನ್ನಯ್ಯನನ್ನು ಕರೆದುಕೊಂಡು ಆಕೆಯ ಮನೆಗೆ ಬಂದ. ಠರಾವು ಬರೆದು ತಂದಿದ್ದರು, ಸಹಿ ಒಂದು ಬಾಕಿ. ಸೂಗಮ್ಮ ಚಹಾ ಕೊಟ್ಟಳು, ಪೆನ್ನು ಮುಟ್ಟಲಿಲ್ಲ. ಮೀಟಿಂಗಿನಲ್ಲಿ ಮಾಡುತ್ತೇನೆ ಅಂದಳು. ಹಂಪಣ್ಣ, ಮೀಟಿಂಗ್ ಅಂದರೆ ನನ್ನ ಮನೆಯ ಪಡಸಾಲೆ, ಅಲ್ಲಿ ಹೊಸದಾಗಿ ಏನೂ ಆಗುವುದಿಲ್ಲ ಅಂದ. ಆಕೆ ಆಗಲಿ ಬಿಡ್ರಿ ಅಂದಳು. ಅವನು ಬಾಗಿಲಿಗೆ ಹೋಗಿ ತಿರುಗಿ ನಿಂತು, ಬಜಾರದ ಅಂಗಡಿ ಇನ್ನೂ ನನ್ನ ಮತ್ತು ಮಲ್ಲಣ್ಣನ ಇಬ್ಬರ ಹೆಸರಲ್ಲೇ ಇದೆ, ಮರೆಯಬೇಡ ಎಂದು ನೆನಪು ಮಾಡಿಕೊಟ್ಟ. ಚನ್ನಯ್ಯ ಇಬ್ಬರಿಗೂ ತಲೆಯಾಡಿಸಿ, ಚಹಾ ಮುಗಿಸಿ ಹೋದ.

ಮೀಟಿಂಗಿಗೆ ಇಂಜಿನಿಯರ್ ಬಂದು, ಸೇತುವೆ ಕಟ್ಟಬಹುದು, ನೀರಾವರಿಯವರು ಪರವಾನಗಿ ಕೊಡುತ್ತಾರೆ, ಭವನವೂ ಕಟ್ಟಬಹುದು, ನಿರ್ಧಾರ ನಿಮ್ಮದು ಅಂದ. ಹಂಪಣ್ಣ ಠರಾವು ಓದಲು ಚನ್ನಯ್ಯನಿಗೆ ಕಣ್ಸನ್ನೆ ಮಾಡಿದ. ಸೂಗಮ್ಮ ಎದ್ದು ನಿಂತಳು. ಆಕೆ ಎದ್ದದ್ದು ಅದೇ ಮೊದಲು, ಹಾಗಾಗಿ ಆಕೆ ಹೊರಗೆ ಹೋಗುತ್ತಾಳೆ ಎಂದು ತಿಳಿದು ಒಬ್ಬ ದಾರಿ ಬಿಟ್ಟ.

"ಭವನ ಬ್ಯಾಡ," ಅಂದಳು ಸೂಗಮ್ಮ. "ಸೇತುವಿ ಆಗ್ಲಿ. ಬ್ಯಾರೆ ಯಾವ ಠರಾವಿಗೂ ನಾ ಸಹಿ ಮಾಡಂಗಿಲ್ಲ."

ಹಂಪಣ್ಣ ನಕ್ಕ. "ಯಾರ್ ಹೇಳಿಕೊಟ್ರವ್ವ ಇದನ್ನ?"

"ನೀವ ಹೇಳಿಕೊಟ್ರಿ ಭಾವಾರ. ತಕ್ಕಡಿ ಬಿಟ್ರ ಆಕಿಗೆ ಬ್ಯಾರೆ ತಿಳಿಯಂಗಿಲ್ಲ ಅಂದ್ರಿ. ಖರೇ ಅದ. ಇಷ್ಟು ವರ್ಷ ನಿಮ್ಮನ್ನ ತೂಗಿ ನೋಡೀನಿ. ತೂಕ ಇಲ್ಲ."

ಹಂಪಣ್ಣನ ಮುಖ ಬೆಂದ ಬದನೆಕಾಯಿ ಹಾಗಾಯಿತು. ಮೂಲೆಯಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ನಕ್ಕವನು ರಾಮಣ್ಣ, ಊರಿನ ಇನ್ನೊಂದು ಅಕ್ಕಿ ಗಿರಣಿಯವನು. ಹಂಪಣ್ಣನಿಗೆ ಪುಕ್ಕಟೆ ಗೋದಾಮು ಸಿಗುತ್ತದೆ ಎಂದು ಇವನಿಗೆ ಮೊದಲಿನಿಂದ ಹೊಟ್ಟೆಯುರಿ, ಬಾಯಿ ಬಿಡುವ ಧೈರ್ಯ ಇರಲಿಲ್ಲ. ಈಗ ಹೆಣ್ಣುಮಗಳ ಹಿಂದೆ ಅಡಗಿಕೊಂಡು ಧೈರ್ಯ ಬಂತು. ಅಕ್ಕಾರು ಹೇಳುವುದರಲ್ಲಿ ಅರ್ಥ ಇದೆ ಅಂದ. ಕೈ ಎತ್ತಿರಿ ಎಂದು ಇಂಜಿನಿಯರ್ ಹೇಳಿದ್ದೇ ತಡ, ರಾಮಣ್ಣ ಎತ್ತಿದ. ಅವನ ಪಕ್ಕದವನು ಎತ್ತಿದ, ಹಂಪಣ್ಣ ಹೋದ ಸಲ ಚರಂಡಿ ಗುತ್ತಿಗೆಯಲ್ಲಿ ಅವನ ಕೈ ಬಿಟ್ಟಿದ್ದ. ಇನ್ನೊಬ್ಬ ಎತ್ತಿದ, ಹಂಪಣ್ಣ ಅವನ ಮಗನ ಮದುವೆಗೆ ಬಂದಿರಲಿಲ್ಲ. ಒಬ್ಬೊಬ್ಬರ ಒಳಗೂ ಒಂದೊಂದು ಹಳೆಯ ಸಿಟ್ಟು ಇತ್ತು, ಸಾಲಾಗಿ ಹೊರಗೆ ಬಂತು. ದ್ಯಾವಪ್ಪ ಹಂಪಣ್ಣನ ಮುಖ ನೋಡಿದ, ಎತ್ತಿದ ಕೈಗಳನ್ನು ನೋಡಿದ, ಯಾವ ಕಡೆ ಹೆಚ್ಚು ಎಂದು ಖಾತ್ರಿ ಆದ ಮೇಲೆ ಎಲ್ಲರಿಗಿಂತ ಕೊನೆಗೆ ಕೈ ಎತ್ತಿದ. ಚನ್ನಯ್ಯ ಇದೇ ಸರಿ ಅಂದ.

ಹೀಗೆ ಬೇವಿನಗಡ್ಡಿಗೆ ಸೇತುವೆ ಬಂತು. ಅದಕ್ಕೆ ಕೈ ಎತ್ತಿದವರಲ್ಲಿ ಕೇರಿಯ ಮಕ್ಕಳನ್ನು ನೆನೆದು ಎತ್ತಿದವನು ಒಬ್ಬನೂ ಇಲ್ಲ.

ಬೇಸಿಗೆಯಲ್ಲಿ ಕಾಲುವೆ ಬಂದ್ ಆದಾಗ ಕೆಲಸ ಶುರುವಾಯಿತು. ಅಷ್ಟರಲ್ಲಿ ಹಂಪಣ್ಣ ಹೇಳಿದಂತೆ ಮಾಡಿ ತೋರಿಸಿದ. ಬಜಾರದ ಅಂಗಡಿಗೆ ಬೀಗ ಹಾಕಿಸಿದ. ಸೂಗಮ್ಮನ ಡಬ್ಬಿ, ಚೀಲ, ತಕ್ಕಡಿಗಳನ್ನು ಹಮಾಲರು ಬೀದಿಗೆ ತಂದಿಟ್ಟರು. ಸೇತುವೆಗೆ ಕೈ ಎತ್ತಿದ ಮೆಂಬರರ ಪೈಕಿ ಒಬ್ಬನೂ ಆ ಬೀದಿಗೆ ಬರಲಿಲ್ಲ. ರಾಮಣ್ಣ ಆ ವಾರ ಬೋನಾಳದ ಬೀಗರ ಮನೆಗೆ ಹೋಗಿದ್ದನಂತೆ. ಬಂದವಳು ಗೊಲ್ಲಾಳಮ್ಮ ಒಬ್ಬಳೇ. ಗಂಡನ ಎದುರಿಗೇ ಹಾದು ಬಂದು, ಒಂದು ಡಬ್ಬಿ ತಲೆ ಮೇಲೆ ಇಟ್ಟುಕೊಂಡು, ಎಲ್ಲಿಗೆ ನಡಿ ಅಂದಳು. ಸೂಗಮ್ಮನಿಗೆ ಆವತ್ತು ಕಣ್ಣಲ್ಲಿ ನೀರು ಬಂತು. ಅದಕ್ಕೂ ಆಕೆಗೆ ತನ್ನ ಮೇಲೆ ಸಿಟ್ಟು ಬಂತು.

ಹೊಸ ಸೇತುವೆಯ ಈಚೆ ತುದಿಗೆ, ಸೈಕಲ್ ಪಂಚರ್ ಹಾಕುವ ಬಾಷುಮಿಯಾನ ಒಂದು ತಗಡಿನ ಶೆಡ್ಡು ಖಾಲಿ ಇತ್ತು, ಅದರಲ್ಲಿ ಆಕೆ ಅಂಗಡಿ ಹಾಕಿದಳು. ಸೇತುವೆ ತೆರೆದ ಮೇಲೆ ಶಹಾಪುರದ ಬಸ್ಸು ಊರೊಳಗೆ ಬಂದು ಅಲ್ಲೇ ತಿರುಗತೊಡಗಿತು. ಬಸ್ಸಿಗೆ ಕಾಯುವವರೆಲ್ಲ ಆಕೆಯ ಗಿರಾಕಿಗಳಾದರು. ಬಜಾರದಲ್ಲಿ ಇದ್ದಾಗಿನಕ್ಕಿಂತ ವ್ಯಾಪಾರ ಹೆಚ್ಚೇ ಆಯಿತು.

ಸೇತುವೆಯ ಉದ್ಘಾಟನೆ ದಿನ ಮೇಲಿನ ಸಾಹೇಬರು ಬಂದಿದ್ದರು. ಪೆಂಡಾಲಿನಲ್ಲಿ ಹಂಪಣ್ಣ ಮೊದಲ ಸಾಲಿನಲ್ಲಿ, ನಡುವೆಯೇ ಕೂತಿದ್ದ. ಕೇರಿಯ ಪರವಾಗಿ ದ್ಯಾವಪ್ಪ ಎರಡು ಮಾತಾಡಿದ. ಹಂಪಣ್ಣ ಸಾವ್ಕಾರರು ಮನಸ್ಸು ಮಾಡಿದ್ದಕ್ಕೆ ಈ ಸೇತುವೆ ಆಯಿತು ಎಂದು ಹೇಳಿ, ಹೂವಿನ ಹಾರವನ್ನು ಅವನ ಕೊರಳಿಗೇ ಹಾಕಿದ. ಹಂಪಣ್ಣ ಕೊರಳು ಒಡ್ಡಿದ. ಹೆಂಗಸರ ಸಾಲಿನಲ್ಲಿದ್ದ ಬಾಲಮ್ಮ ಎದ್ದು, ಸೆರಗು ಝಾಡಿಸಿ, ಅಷ್ಟು ಮಂದಿಯ ಮುಂದೆಯೇ ಪೆಂಡಾಲು ಬಿಟ್ಟು ನಡೆದಳು. ಸೂಗಮ್ಮ ವೇದಿಕೆಯ ಕೊನೆಯ ಕುರ್ಚಿಯಲ್ಲಿ ಕೂತು ಮೊದಲ ಸಲ ಮನಸಾರೆ ನಕ್ಕಳು. ನಗುವುದಕ್ಕೆ ಏನಾಯಿತು ಎಂದು ಸಾಹೇಬರು ತಿರುಗಿ ನೋಡಿದರು.

ಕೇರಿಯವರು ಯಾರೂ ಆಕೆಗೆ ಉಪಕಾರ ಆಯಿತು ಅನ್ನಲಿಲ್ಲ. ಬಾಲಮ್ಮನಂತೂ ಬಹಳ ದಿನ ಆಕೆಯ ಅಂಗಡಿಗೇ ಬರಲಿಲ್ಲ, ರಂಗಂಪೇಟೆ ಕಡೆಗೆ ಕೆಲಸಕ್ಕೆ ಹೋದಾಗ ಅಲ್ಲಿಂದಲೇ ಸಾಮಾನು ತರುತ್ತಿದ್ದಳು. ಒಂದು ದಿನ ಬಸ್ಸು ತಡವಾಗಿ ಸಾಮಾನು ತರಲಾಗದೆ, ಖಾಲಿ ಶೀಸೆ ಹಿಡಿದು ಬಂದು, ಎಣ್ಣೆ ಕೇಳಿದಳು. ಶೀಸೆಯನ್ನು ಸೂಗಮ್ಮನ ಮುಂದೆ, ಹಲಗೆಯ ಮೇಲೆ ಇಟ್ಟಳು. ಸೂಗಮ್ಮ ಅದನ್ನು ನೋಡಿದಳು. ಆಮೇಲೆ ಶೀಸೆ ಕೈಗೆ ತೆಗೆದುಕೊಂಡು, ಲಾಳಿಕೆ ಇಟ್ಟು ಎಣ್ಣೆ ತುಂಬಿ, ಬಿರಡೆ ಹಾಕಿ ಕೊಟ್ಟಳು. ಇಬ್ಬರೂ ಮಾತಾಡಿದ್ದು ಭತ್ತದ ಸಸಿಗೆ ರೋಗ ಬಿದ್ದದ್ದರ ಬಗ್ಗೆ.

ಮುಂದಿನ ಚುನಾವಣೆಯ ಹೊತ್ತಿಗೆ ಸರಕಾರ ಮೀಸಲಾತಿ ಬದಲು ಮಾಡಿ, ಅಧ್ಯಕ್ಷರ ಕುರ್ಚಿಯನ್ನು ಕೇರಿಯ ಹೆಣ್ಣುಮಕ್ಕಳಿಗೆ ಕೊಟ್ಟಿತು. ಸುದ್ದಿ ಬಂದ ಎರಡು ದಿನಕ್ಕೆ ದ್ಯಾವಪ್ಪ ಬೆಳಿಗ್ಗೆಯೇ ಸೂಗಮ್ಮನ ಅಂಗಡಿಗೆ ಬಂದ. ಹೊಸ ಬಿಳಿ ಅಂಗಿ ಹಾಕಿದ್ದ. ಈಗ ಟವಲು ಹೆಗಲ ಮೇಲೆ ಇತ್ತು, ಕೈಯಲ್ಲಿ ಇರಲಿಲ್ಲ. ಕಟ್ಟೆ ಹತ್ತಿ, ಬೆಂಚಿನ ಮೇಲೆ ಕೂತ.

ಬಾಲಮ್ಮನಿಗೆ ನೀವು ಒಂದು ಮಾತು ಹೇಳಬೇಕು ಎಂದು ಶುರು ಮಾಡಿದ. ಆಕೆ ಚುನಾವಣೆಗೆ ನಿಂತರೆ ಗೆಲ್ಲುತ್ತಾಳೆ, ಹೆಂಗಸರೆಲ್ಲ ಆಕೆಯ ಮಾತು ಕೇಳುತ್ತಾರೆ. ಹಂಪಣ್ಣ ಸಾವ್ಕಾರರೂ ಬೆಂಬಲ ಕೊಡುತ್ತಾರೆ, ಅವರ ಹತ್ತಿರ ಎಲ್ಲ ಮಾತಾಡಿ ಆಗಿದೆ. ಆದರೆ ಆಕೆ ತನ್ನ ಮಾತಿಗೆ ಹ್ಞೂಂ ಅನ್ನುವುದಿಲ್ಲ, ನಿಮ್ಮ ಮಾತು ಕೇಳಬಹುದು.

"ಆಕಿ ಏನೂ ಮಾಡೋದು ಬ್ಯಾಡ್ರಿ," ಅಂದ ದ್ಯಾವಪ್ಪ. "ಬರೇ ಸಹಿ ಮಾಡಿದ್ರ ಆತು. ಉಳದದ್ದು ನಾ ನೋಡ್ಕೋತೀನಿ. ಪಕ್ಕದಾಗ ಕುರ್ಚಿ ಹಾಕ್ಕೊಂಡು ಕುಂದರ್ತೀನಲ್ಲ."

ಸೂಗಮ್ಮ ಬೇಳೆ ಕಟ್ಟುತ್ತಿದ್ದ ಕೈ ನಿಲ್ಲಿಸಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಬಾಲಮ್ಮ ಬೆಳಗಿನ ಬಸ್ಸಿಗೆ ಹೋದಳು ಎಂದು ತಿಳಿಸಿದಳು. ಅವನು, ಕೆಲಸಕ್ಕೇನ್ರಿ, ಎಂದು ಕೇಳಿದ.

"ಶಹಾಪುರದ ತಹಶೀಲಿಗೆ, ಜಾತಿ ಸರ್ಟಿಫಿಕೇಟ್ ತರಾಕ. ನಾಮಿನೇಷನ್‌ಗೆ ಬೇಕಾಗ್ತದ. ನಿನಗ ಹೇಳಿಲ್ಲೇನು?"

ದ್ಯಾವಪ್ಪ ಎದ್ದ. ಯಾರು ಹೇಳಿದರು ಆಕೆಗೆ, ಯಾರನ್ನು ಕೇಳಿ ಹೋದಳು, ಸಾವ್ಕಾರರಿಗೆ ನಾನೇನು ಹೇಳಲಿ ಎಂದು ಒಂದರ ಮೇಲೊಂದು ಕೇಳಿದ. ಅವನು ಟವಲು ಬೀಳಿಸಿಕೊಂಡು ಸೇತುವೆಯ ಮೇಲೆ ಓಡಿದ. ಆಚೆ ತುದಿಗೆ ನಿಂತು ರಸ್ತೆಯ ಎರಡೂ ಕಡೆ ನೋಡಿದ. ಬಸ್ಸು ಹೋಗಿ ಬಹಳ ಹೊತ್ತಾಗಿತ್ತು, ಧೂಳು ಕೂಡ ಕೂತಿತ್ತು. ಸೂಗಮ್ಮ ಅವನ ಟವಲನ್ನು ಕೋಲಿನಿಂದ ಎತ್ತಿ ಬೆಂಚಿನ ಮೇಲೆ ಹಾಕಿ, ಬೇಳೆ ಕಟ್ಟಲು ಕೂತಳು.